ಮಾತು ಬಿಟ್ಟವರ ಸಿನಿಮಾ

ನಾಲ್ಕು ಮಳೆಗಾಲದ ಹಿಂದಿನ ಮಾತು. ಹೆಸರುಕಾಳಿನ ಬೆಳೆ ಬಿಡಿಸಿ ಮುಗಿದು, ಹಿಂಗಾರಿ ಬಿತ್ತನೆಗೆ ಹೊಲ ಹದ ಮಾಡುತ್ತಿದ್ದ ದಿನಗಳು. ನವಲಗುಂದ ತಾಲ್ಲೂಕಿನ ಮೊರಬದ ಸೀಮೆಯಲ್ಲಿ ಚಿತ್ರೀಕರಣವಾಗುತ್ತಿದ್ದ ಒಂದು ಕಥಾಚಿತ್ರಕ್ಕೆ ನಾನು ಸೌಂಡ್ ರೆಕಾರ್ಡಿಸ್ಟ್ ಆಗಿ ಹೋಗಿದ್ದೆ. ಧಾರವಾಡದಲ್ಲಿ ಫಿಸಿಕ್ಸ್ ಪದವಿ ಮುಗಿಸಿ, ಪುಣೆಯಲ್ಲಿ ಧ್ವನಿಗ್ರಹಣ ಕಲಿತು, ಹುಬ್ಬಳ್ಳಿಯಲ್ಲಿ ನೆಲೆಸಿ ಈ ಕೆಲಸ ಮಾಡುತ್ತ ಬಂದವಳು ನಾನು. ಸಾಕ್ಷ್ಯಚಿತ್ರ, ಜಾಹೀರಾತು, ಮದುವೆಯಲ್ಲಿ ಹಾಡುವವರ ಆಲ್ಬಂ, ಎಲ್ಲವನ್ನೂ ಮಾಡಿದ್ದೇನೆ. ಕೆಲಸದಲ್ಲಿ ಜೀವಭಯ ಅನ್ನುವುದನ್ನು ಕಂಡದ್ದು ಅದೊಂದೇ ಸಲ.

ಆ ಚಿತ್ರವನ್ನು ಸಿಂಕ್ ಸೌಂಡಿನಲ್ಲಿ ಮಾಡಬೇಕೆಂದು ನಿರ್ದೇಶಕನ ಹಟ. ಸಾಮಾನ್ಯವಾಗಿ ನಮ್ಮ ಚಿತ್ರಗಳಲ್ಲಿ ನಟರು ಆಮೇಲೆ ಸ್ಟುಡಿಯೋದಲ್ಲಿ ಕೂತು ಡಬ್ಬಿಂಗ್ ಮಾಡುತ್ತಾರೆ. ಸಿಂಕ್ ಸೌಂಡಿನಲ್ಲಿ ಹಾಗಲ್ಲ. ಶಾಟ್ ನಡೆಯುವಾಗ ಆಡಿದ ಮಾತೇ ಕೊನೆಯ ಮಾತು. ಅದಕ್ಕಾಗಿ ಪ್ರತಿ ನಟನ ಅಂಗಿಯೊಳಗೆ, ಎದೆಯ ಹತ್ತಿರ, ಕಡಲೆಕಾಳಿನಷ್ಟೇ ಇರುವ ಲೇಪಲ್ ಮೈಕ್ ಅಂಟಿಸುತ್ತೇವೆ. ಅದರ ಟ್ರಾನ್ಸ್‌ಮಿಟರ್ ಸೊಂಟದಲ್ಲಿರುತ್ತದೆ. ನಾನು ದೂರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತರೂ ಅವರ ಉಸಿರು ನನ್ನ ಕಿವಿಯಲ್ಲೇ ಆಡುತ್ತದೆ. ಅವರು ತುಟಿ ಅಲ್ಲಾಡಿಸದೆ ಗೊಣಗಿದ್ದೂ ಕೇಳುತ್ತದೆ. ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಕೇಳಿಯೂ ಕೇಳದಂತೆ ಇರುವುದನ್ನು.

ಮೊದಲ ದಿನ ನನ್ನ ಪೆಟ್ಟಿಗೆಗಳನ್ನು ಹೊಲದ ದಾರಿಯಲ್ಲಿ ಸಾಗಿಸಲು ಟ್ರ್ಯಾಕ್ಟರ್ ತಂದವರು ದಾವಲಸಾಬ ಕಾಕಾ. ಐವತ್ತೈದರ ಆಸುಪಾಸಿನ ಗಟ್ಟಿ ಆಳು. ಹಿಂದಿನ ದಿನದ ಮಳೆಗೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಟ್ರ್ಯಾಕ್ಟರ್ ಬಳುಕುತ್ತಿತ್ತು. ನಾನು ಪೆಟ್ಟಿಗೆಗಳನ್ನು ತಬ್ಬಿಕೊಂಡು ಟ್ರೇಲರ್‌ನಲ್ಲಿ ಕೂತಿದ್ದೆ.

"ಅಕ್ಕಾರ, ನಿಮಗ ಕಥಿ ಹೇಳ್ಯಾರೇನು?" ಎಂದು ಅವರು ತಿರುಗದೆಯೇ ಕೇಳಿದರು.

"ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿರ್ತಾರ ಅಂತ ಓದಿದೆ."

"ಓದೋದೇನೈತ್ರಿ ಅದರಾಗ, ಅಲ್ಲೇ ಕುಂತಿರ್ತಾರ, ನೋಡೀರಂತ" ಎಂದು ನಕ್ಕರು. "ಅಣ್ಣನ ಪಾರ್ಟು ಅಣ್ಣನ ಮಾಡ್ತಾನ. ತಮ್ಮನ ಪಾರ್ಟು ತಮ್ಮನ ಮಾಡ್ತಾನ. ಜಗಳ ಒಂದು ಅವರು ಕಲೀಬೇಕಾಗಿಲ್ಲ ನೋಡ್ರಿ."

ದಾರಿಯುದ್ದಕ್ಕೂ ಅವರು ಹೇಳಿದ್ದರ ಸಾರಾಂಶ ಇಷ್ಟು. ಅಣ್ಣ ರುದ್ರಗೌಡ್ರು ಊರಿನ ಹಿರಿಯ ಒಕ್ಕಲುತನದ ಮನೆಯವರು. ಹೊಲ ಮನೆ ಚೊಕ್ಕವಾಗಿದ್ದರೂ ಅವರ ಜೀವವೆಲ್ಲ ಎಲೆಕ್ಷನ್ನಿನಲ್ಲಿ. ಮೂರು ಸಲ ನಿಂತು ಮೂರು ಸಲವೂ ಸೋತಿದ್ದರು. ತಮ್ಮ ಪ್ರಭು ಹೀರೋ ಆಗಲು ಹೊರಟವನು. ಕಂಪನಿ ನಾಟಕದಲ್ಲಿ ಸಣ್ಣ ಪಾತ್ರ, ಧಾರಾವಾಹಿಯಲ್ಲಿ ಬಾಗಿಲು ತೆಗೆಯುವ ಪಾತ್ರ ಮಾಡುತ್ತ ನಲವತ್ತು ದಾಟಿದ್ದ. ಅಣ್ಣ ಮೂರನೆಯ ಸಲ ನಿಂತಾಗ ಎದುರಾಳಿಯ ಕಡೆಯವರು ಪ್ರಭುವಿಗೆ ಒಂದು ಸಿನಿಮಾದಲ್ಲಿ ಪಾತ್ರ ಕೊಡಿಸುವುದಾಗಿ ಹೇಳಿದರು. ಇವನು ಅವರ ಪ್ರಚಾರದ ಗಾಡಿ ಹತ್ತಿ, ಮೈಕ್ ಹಿಡಿದು, ಅಣ್ಣನ ಭಾಷಣದ ಧಾಟಿಯನ್ನೂ ನಡುನಡುವಿನ ಕೆಮ್ಮನ್ನೂ ಅಣಕಿಸುತ್ತ ಊರೂರು ಸುತ್ತಿದ. ಜನ ಹೊಟ್ಟೆ ಹಿಡಿದು ನಕ್ಕರು. ಗೌಡರು ಸೋತರು. ಪಾತ್ರ ಸಿಗಲಿಲ್ಲ. ಅಂದಿನಿಂದ ಒಂಬತ್ತು ವರ್ಷ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

"ಮತ್ತ ಈಗ ಹೆಂಗ ಕೂಡಿದ್ರು?"

"ಕೂಡಿಲ್ರಿ. ತಮ್ಮ ತಾನ ಡೈರೆಕ್ಟರ್ ಆಗಿ ಸಿನಿಮಾ ಮಾಡಾಕ ಹೊಂಟಿದ್ದ, ಅವಗ ನಿರ್ಮಾಪಕ ಬೇಕಾಗಿತ್ತು. ಗೌಡ್ರಿಗೆ ಯಾರೋ ಹೇಳ್ಯಾರ, ಸಿನಿಮಾದಾಗ ಮಾರಿ ಕಂಡ್ರ ಎಲೆಕ್ಷನ್ ಟಿಕೀಟು ಕೊಡ್ತಾರಂತ. ನಡುವ ಓಡ್ಯಾಡಿ ಜೋಡ್ಸಿದಂವ ನಾನು." ಗೇರ್ ಬದಲಿಸಿ ಹೇಳಿದರು: "ನಮ್ಮ ಹೊಲ ಅವರ ಹೊಲದ ಬಾಜೂಕ ಐತ್ರಿ. ಇಬ್ಬರೂ ನನ್ನ ಕೂಡ ಮಾತಾಡ್ತಾರ. ಅದ ನನಗ ತ್ರಾಸು."

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಾತು ಬಿಟ್ಟವರಿಗೆ ಒಂದು ರೀತಿನೀತಿ ಇದೆ. ಒಂದೇ ಕಟ್ಟೆಯ ಮೇಲೆ ಕೂಡುತ್ತಾರೆ, ಒಂದೇ ಕೆಟಲಿನ ಚಹಾ ಕುಡಿಯುತ್ತಾರೆ, ಸಾವು ಮದುವೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಮಾತು ಮಾತ್ರ ಮೂರನೆಯವರ ಮೂಲಕ. ಆ ಚಿತ್ರದಲ್ಲಿ ಮೂರನೆಯವಳು ನಾನಾದೆ. ಬೆಳಿಗ್ಗೆ ಇಬ್ಬರ ಎದೆಗೂ ಮೈಕ್ ಅಂಟಿಸುವ ಕೆಲಸ ನನ್ನದಾದ್ದರಿಂದ ಇಬ್ಬರ ಹತ್ತಿರವೂ ನಿಲ್ಲುತ್ತಿದ್ದವಳು ನಾನೊಬ್ಬಳೇ.

"ಅಕ್ಕಾರ, ಅವರಿಗೆ ಕೇಳ್ರಿ, ಇವತ್ತ ಧೋತರ ಉಡಬೇಕೋ ಪ್ಯಾಂಟ್ ಹಾಕಬೇಕೋ ಅಂತ" ಎನ್ನುತ್ತಿದ್ದರು ಗೌಡರು. ಪ್ರಭು ನಾಲ್ಕು ಹೆಜ್ಜೆ ಆಚೆಯೇ ನಿಂತಿರುತ್ತಿದ್ದ.

"ಮೇಡಮ್, ಅವರಿಗೆ ಹೇಳ್ರಿ, ಧೋತರ. ಮತ್ತ ಆ ಕೈಗಡಿಯಾರ ತಗೀಲಿ. ಬಡವರ ಪಾರ್ಟು ಐತಿ."

"ಅವರಿಗೆ ಹೇಳ್ರಿ, ಬಡವರಿಗೂ ಟೈಮ್ ಇರ್ತೈತಂತ."

ಮೊದಲೆರಡು ದಿನ ನಾನು ನಗುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು. ಇಬ್ಬರಿಗೂ ಪರಸ್ಪರರ ಮಾತು ಕೇಳಿಸಿದ್ದರೂ, ನಾನು ಮತ್ತೊಮ್ಮೆ ಹೇಳುವವರೆಗೆ ಕೇಳಿಸಿದ್ದು ಲೆಕ್ಕಕ್ಕಿಲ್ಲ. ಚಿತ್ರದ ಹೆಸರು ನಾನಿದ್ದಾಗಲೇ ಮೂರು ಸಲ ಬದಲಾಯಿತು. ಪೋಸ್ಟರ್ ಮಾತ್ರ ಬದಲಾಗಲಿಲ್ಲ: ಅದರಲ್ಲಿ ಗೌಡರು ಎರಡೂ ಕೈ ಜೋಡಿಸಿ ಮತ ಕೇಳುವ ಭಂಗಿಯಲ್ಲಿದ್ದರು. ಪ್ರಭು ಅವರ ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡು ಆಕಾಶ ನೋಡುತ್ತಿದ್ದ.

ಆದರೆ ಪ್ರಭು ಕ್ಯಾಮರಾ ಓಡಿಸಲು "ರೋಲ್" ಎಂದ ಕೂಡಲೇ ಬೇರೆಯೇ ಆಗುತ್ತಿತ್ತು. ಮೊದಲ ದೊಡ್ಡ ದೃಶ್ಯದಲ್ಲಿ ತಮ್ಮ ಅಣ್ಣನ ಎದುರು ಬಂದು, "ಅಣ್ಣಾ, ಉಂಡೇನು?" ಎಂದು ಕೇಳಬೇಕಿತ್ತು. ಅಷ್ಟೇ ಮಾತು. ಪ್ರಭು ಕೇಳಿದ. ಗೌಡರ ಎದೆಯ ಮೈಕಿನಲ್ಲಿ ಒಂದು ಉಸಿರು ತಡೆದು ನಿಂತದ್ದು ನನಗೆ ಕೇಳಿಸಿತು. "ಉಂಡೆ. ನೀನು?" ಎಂದರು. ಹತ್ತಿರದ ಮೆಣಸಿನಕಾಯಿ ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಎದ್ದು ನಿಂತು ನೋಡಿದರು. ಒಂಬತ್ತು ವರ್ಷದ ಮೇಲೆ ಆ ಎರಡು ಬಾಯಿಗಳು ಒಂದಕ್ಕೊಂದು ತೆರೆದದ್ದು ಇಡೀ ಊರಿಗೆ ಗೊತ್ತಾಯಿತು. ಪ್ರಭು "ಕಟ್" ಎಂದ. ಇಬ್ಬರೂ ಮುಖ ತಿರುಗಿಸಿಕೊಂಡರು.

ಚಿತ್ರೀಕರಣ ಮುಂದುವರಿದಂತೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಪ್ರಭು ಬರೆದಿರದ ಮಾತುಗಳು ಶಾಟ್‌ಗಳಲ್ಲಿ ಬರತೊಡಗಿದವು. ಹೊಲದ ದೃಶ್ಯದಲ್ಲಿ ಗೌಡರು ಇದ್ದಕ್ಕಿದ್ದಂತೆ, "ನೀ ಗಾಡಿ ಮ್ಯಾಲೆ ನಿಂತು ನನ್ನಂಗ ಕೆಮ್ಮಿದಿ. ಕೆಮ್ಮ ಯಾಕ ಬರತಿತ್ತಂತ ಗೊತ್ತಿತ್ತೇನು ನಿನಗ?" ಎಂದರು. ಚಿತ್ರಕಥೆಯಲ್ಲಿ ಗಾಡಿಯೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಪ್ರಭು ಪಾತ್ರದೊಳಗಿಂದಲೇ, "ಗೊತ್ತಿತ್ತು" ಎಂದ. ಶಾಟ್ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಮೇಡಮ್, ಅವರಿಗೆ ಹೇಳ್ರಿ, ಸೀನ್‌ನಾಗ ಹೊಸಾ ಮಾತು ಬಂದ್ರ ಬರ್ಲಿ. ಚೊಲೊ ಇರ್ತೈತಿ. ಆದ್ರ ನಾ ಕಟ್ ಅನ್ನೂತನಾ ಪಾರ್ಟ್ ಬಿಡಬಾರದು" ಎಂದ. ಹಿಂದಿನ ದಿನ ಗೌಡರು ನೊಣ ಕೂತಿತೆಂದು ಶಾಟ್‌ನ ನಡುವೆಯೇ ಎದ್ದಿದ್ದರು. ಅವತ್ತು ಎಲ್ಲರ ಎದುರು ಪ್ರಭು, "ಎಲೆಕ್ಷನ್‌ನಾಗೂ ಹಿಂಗ ನಡುವ ಎದ್ದ ಬಂದಾರೇನೋ ಕೇಳ್ರಿ" ಎಂದಿದ್ದ. ಗೌಡರ ಕಿವಿ ಕೆಂಪಾಗಿತ್ತು.

"ಹೇಳ್ರಿ ಅವರಿಗೆ, ಇನ್ನಮ್ಯಾಲೆ ಕಟ್ ಅನ್ನೂತನಾ ರುದ್ರಗೌಡ ಅಲ್ಲಾಡಂಗಿಲ್ಲಂತ" ಎಂದರು ಗೌಡರು. ಮಾತಿನಂತೆ ನಡೆದುಕೊಂಡರು. ಒಮ್ಮೆ ಕಾಲಿಗೆ ಇರುವೆ ಮುತ್ತಿದರೂ ನಿಂತೇ ಇದ್ದರು.

ಕೊನೆಯ ದೃಶ್ಯ ತುಪ್ಪರಿ ಹಳ್ಳದಲ್ಲಿ. ಧಾರವಾಡದ ಕಡೆಯಿಂದ ಹರಿದು ಬರುವ ಈ ಹಳ್ಳ ವರ್ಷದ ಬಹುಪಾಲು ಮೊಣಕಾಲಿನಷ್ಟು ನೀರಿನಲ್ಲಿ ಸುಮ್ಮನೆ ಹೋಗುತ್ತದೆ. ಮೇಲಿನ ಊರುಗಳಲ್ಲಿ ಜೋರು ಮಳೆಯಾದರೆ, ಇಲ್ಲಿ ಬಿಸಿಲಿದ್ದರೂ, ಹಳ್ಳ ಒಮ್ಮೆಲೇ ಉಕ್ಕಿ ಬಂದುಬಿಡುತ್ತದೆ. "ಹಳ್ಳ ಬಂತು" ಎನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ದೃಶ್ಯ ಹೀಗಿತ್ತು: ಎಲ್ಲವನ್ನೂ ಕಳೆದುಕೊಂಡ ಅಣ್ಣ ಹಳ್ಳದ ನಡುವೆ ಆಚೆ ದಂಡೆಗೆ ಮುಖ ಮಾಡಿ ನಿಂತಿರುತ್ತಾನೆ. ಈಚೆ ದಂಡೆಯಿಂದ ತಮ್ಮ, "ಅಣ್ಣಾ, ಮನಿಗೆ ಬಾ" ಎಂದು ಕರೆಯುತ್ತಾನೆ. ಅಣ್ಣ ತಿರುಗಿ ನೋಡದೆ "ನಾ ಬರಂಗಿಲ್ಲ" ಎನ್ನುತ್ತಾನೆ. ತಮ್ಮ ಮತ್ತೆ ಮತ್ತೆ ಕರೆಯುತ್ತಾನೆ. ಅಣ್ಣ ಹೋಗುವುದಿಲ್ಲ. ಚಿತ್ರ ಮುಗಿಯುತ್ತದೆ.

ಬೆಳಿಗ್ಗೆ ಮೈಕ್ ಅಂಟಿಸುವಾಗ ಗೌಡರು ಪಡುವಣ ದಿಕ್ಕಿಗೇ ನೋಡುತ್ತಿದ್ದರು. ನಮ್ಮ ತಲೆಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಧಾರವಾಡದ ಕಡೆ ಮಾತ್ರ ಮುಗಿಲು ಕಪ್ಪುಗಟ್ಟಿತ್ತು.

"ಅಕ್ಕಾರ, ಅವರಿಗೆ ಹೇಳ್ರಿ. ಮ್ಯಾಲೆ ಮಳಿ ಹೊಡ್ಯಾಕತ್ತೈತಿ. ಹಳ್ಳ ಬಂದ್ರೂ ಬರಬಹುದು. ಈ ಸೀನು ನಾಳೆ ಮಾಡೂಣು."

ನಾನು ಒಂದಕ್ಷರ ಬಿಡದೆ ಹೇಳಿದೆ. ಪ್ರಭು ದಂಡೆಯ ಮೇಲೆ ಕ್ಯಾಮರಾದ ಪಕ್ಕ ನಿಂತಿದ್ದ. ಬಾಡಿಗೆಗೆ ತಂದ ಕ್ಯಾಮರಾ ಸಂಜೆಗೆ ಹಿಂದಿರುಗಬೇಕಿತ್ತು. ಅವನು ಮುಗಿಲು ನೋಡಲೇ ಇಲ್ಲ.

"ಕಡೀ ಸೀನ್‌ನಾಗ ಡೈಲಾಗ್ ಭಾಳ ಅದಾವ. ಬಾಯಿಪಾಠ ಆಗಿಲ್ಲ, ಅದಕ ನಾಳೆ ಅಂತಾರ. ಇಲ್ಲಾ ನೀರಿಗಿಳ್ಯಾಕ ಅಂಜಿಕಿ ಇರಬೇಕು. ಅಂಜಿಕಿ ಇದ್ರ ಹೇಳ್ಲಿ, ಡ್ಯೂಪ್ ಹಾಕೂಣು ಅಂತ ಹೇಳ್ರಿ."

ಆ ಮಾತನ್ನು ನಾನು ಒಯ್ಯಬೇಕಾಗಲಿಲ್ಲ. ಗೌಡರಿಗೆ ಕೇಳಿಸಿತ್ತು. ಈ ಸಲ ಅವರು ನನಗಾಗಿ ಕಾಯಲಿಲ್ಲ. ಚಪ್ಪಲಿ ಬಿಚ್ಚಿ, ಧೋತರ ಎತ್ತಿ ಕಟ್ಟಿ, ನೀರಿಗೆ ಇಳಿದೇಬಿಟ್ಟರು. "ಗೌಡ್ರ, ತಡೀರಿ. ಒಂದೀಟು ಮ್ಯಾಲಿನ ಊರಿಗೆ ಫೋನ್ ಹಚ್ಚಿ ಕೇಳೂಣು" ಎಂದು ದಾವಲಸಾಬ ಕಾಕಾ ಕೂಗಿದರು. "ನಿನಗೂ ಅಂಜಿಕಿ ಬಂತೇನಲೇ ದಾವಲ್ಯಾ?" ಎಂದು ಗೌಡರು ನೀರಿನ ನಡುವಿನಿಂದಲೇ ಗದರಿದರು. ಕಾಕಾ ಟ್ರ್ಯಾಕ್ಟರನ್ನು ದಂಡೆಯ ಏರಿನ ಮೇಲೆ ತಂದು, ಹಳ್ಳಕ್ಕೆ ಬೆನ್ನು ಮಾಡಿ ನಿಲ್ಲಿಸಿದರು.

ಶಾಟ್ ಶುರುವಾಯಿತು. ನಾನು ದಂಡೆಯ ಮೇಲುಭಾಗದಲ್ಲಿ ಒಂದು ಜಾಲಿ ಗಿಡದ ನೆರಳಿಗೆ ಕೂತಿದ್ದೆ. ಪ್ರಭು ಮತ್ತು ಕ್ಯಾಮರಾಮನ್ ನೀರಿನ ಅಂಚಿನಲ್ಲಿ. ಗೌಡರು ಎಲ್ಲರಿಗೂ ಬೆನ್ನು ಮಾಡಿ ನೀರಿನ ನಡುವೆ. ಹಳ್ಳ ಬರುವ ದಿಕ್ಕಿನಲ್ಲಿ ಒಂದು ತಿರುವು, ಅದರ ತುಂಬ ಜಾಲಿಯ ಪೊದೆ.

"ಅಣ್ಣಾ, ಮನಿಗೆ ಬಾ."

"ನಾ ಬರಂಗಿಲ್ಲ. ಆ ಮನ್ಯಾಗ ನನ್ನ ನೋಡಿ ನಗೂ ಗ್ವಾಡಿ ಅದಾವ."

ಮಾತು ಚೆನ್ನಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ನನ್ನ ಹೆಡ್‌ಫೋನಿನಲ್ಲಿ, ಅವರ ಮಾತಿನ ಅಡಿಯಲ್ಲೆಲ್ಲೋ, ಒಂದು ಸದ್ದು ಸೇರಿಕೊಂಡಿತು. ದೂರದ ರಸ್ತೆಯಲ್ಲಿ ಲಾರಿ ಏರು ಹತ್ತುವಂಥ ಸದ್ದು. ರೆಕಾರ್ಡಿಸ್ಟ್‌ಗೆ ಶಾಟ್‌ನ ನಡುವೆ ಮಾತಾಡುವ ಹಕ್ಕಿಲ್ಲ. ಬೇಡದ ಸದ್ದು ಬಂದರೆ ಕೈ ಎತ್ತಬೇಕು. ನಿಲ್ಲಿಸುವುದು ಬಿಡುವುದು ನಿರ್ದೇಶಕನಿಗೆ ಸೇರಿದ್ದು. ನಾನು ಕೈ ಎತ್ತಿದೆ. ಲಾರಿಯ ಸದ್ದಾದರೆ ಏರಿ ಇಳಿಯಬೇಕು. ಇದು ಇಳಿಯಲಿಲ್ಲ. ಬೆಳೆಯುತ್ತಲೇ ಹೋಯಿತು.

ಪ್ರಭು ನನ್ನ ಎತ್ತಿದ ಕೈ ನೋಡಿದ. ಆಮೇಲೆ ತಿರುವಿನ ಕಡೆ ನೋಡಿದ. ಅವನ ಎದೆಯ ಮೈಕಿನಲ್ಲಿ ಬಂದ ಮಾತು ನನಗೆ ಈಗಲೂ ಅದೇ ದನಿಯಲ್ಲಿ ಕೇಳಿಸುತ್ತದೆ. ಕ್ಯಾಮರಾಮನ್ ಕಡೆ ವಾಲಿ ಪಿಸುಗುಟ್ಟಿದ್ದು: "ಮೊದ್ಲ ಕ್ಯಾಮರಾ ಎತ್ತು. ಮ್ಯಾಲೆ ಓಡು."

ಕ್ಯಾಮರಾಮನ್ ಟ್ರೈಪಾಡ್ ಸಮೇತ ಕ್ಯಾಮರಾ ಹೆಗಲಿಗೇರಿಸಿ ದಂಡೆ ಹತ್ತಿದ. ಅದಾದ ಮೇಲೆ ಪ್ರಭು ಅಣ್ಣನ ಕಡೆ ತಿರುಗಿದ.

"ಅಣ್ಣಾ, ಹೊಳ್ಳಿ ಬಾ!"

ಗೌಡರು ಅಲ್ಲಾಡಲಿಲ್ಲ. "ನಾ ಬರಂಗಿಲ್ಲ" ಎಂದರು, ಇನ್ನೂ ಗಟ್ಟಿಯಾಗಿ.

"ಖರೇನ ಹೇಳಾಕತ್ತೇನಿ. ಹಳ್ಳ ಬಂತು. ಬಾರೋ ಅಣ್ಣಾ."

"ಬರ್ಲಿ" ಎಂದರು ಗೌಡರು. ಅವರ ದನಿ ಆ ಚಿತ್ರದಲ್ಲೇ ನಾನು ಕೇಳಿದ ಅತ್ಯಂತ ಒಳ್ಳೆಯ ದನಿ. "ಹಳ್ಳ ಬಂದ್ರ ನಿನಗೇನು? ಒಂಬತ್ತು ವರ್ಷದಾಗ ಒಂದಿನ ಬಂದೇನು ನೀನು?"

ಆ ಕ್ಷಣ ನನಗೆ ಅರ್ಥವಾಯಿತು. ಗೌಡರು ಇದನ್ನು ಹೊಸ ಡೈಲಾಗ್ ಎಂದುಕೊಂಡಿದ್ದಾರೆ. ಒಂಬತ್ತು ವರ್ಷದಲ್ಲಿ ತಮ್ಮ ಅವರೊಡನೆ ನೇರವಾಗಿ ಮಾತಾಡಿದ್ದು ಶಾಟ್‌ನೊಳಗೆ ಮಾತ್ರ. ತಮ್ಮನ ಬಾಯಿಂದ "ಅಣ್ಣಾ" ಬಂತೆಂದರೆ ಕ್ಯಾಮರಾ ಓಡುತ್ತಿದೆ ಎಂದೇ ಅವರ ಲೆಕ್ಕ. ಕ್ಯಾಮರಾ ಹೋದದ್ದು ಬೆನ್ನ ಹಿಂದೆ. ಅವರು ತಿರುಗುವಂತಿಲ್ಲ, ಕಟ್ ಎನ್ನುವವರೆಗೆ. ಕಟ್ ಎನ್ನಬೇಕಾದವನೋ "ಅಣ್ಣಾ, ಅಣ್ಣಾ" ಎಂದು ಕೂಗುತ್ತಿದ್ದಾನೆ. ಅವನು ಹೆಚ್ಚು ಕೂಗಿದಷ್ಟೂ ಇವರು ಹೆಚ್ಚು ಚೆನ್ನಾಗಿ ಅಭಿನಯಿಸುತ್ತಿದ್ದಾರೆ.

ಕಟ್ ಎಂದು ಕಿರುಚಿದವಳು ನಾನು. ಗೌಡರು ಗಕ್ಕನೆ ತಿರುಗಿದರು. ನನ್ನನ್ನು ನೋಡಿದರು, ಖಾಲಿಯಾದ ಕ್ಯಾಮರಾದ ಜಾಗ ನೋಡಿದರು. ಆ ಹೊತ್ತಿಗೆ ತಿರುವಿನ ಜಾಲಿಪೊದೆಯನ್ನು ಬಾಗಿಸಿಕೊಂಡು ಕೆಂಪು ಕಂದು ನೀರು, ಕಸ ಕಡ್ಡಿ ಸಮೇತ, ಗೋಡೆಯಂತಲ್ಲ, ಉರುಳುವ ಚಾಪೆಯಂತೆ ಬಂತು. ಅವರು ಎರಡು ಹೆಜ್ಜೆ ಹಾಕಿರಬಹುದು. ಸೊಂಟಕ್ಕೆ ಬಂದ ನೀರು ಅವರನ್ನು ಅಡ್ಡಡ್ಡ ಮಲಗಿಸಿಬಿಟ್ಟಿತು. ನನ್ನ ಹೆಡ್‌ಫೋನಿನಲ್ಲಿ ಅವರ ಮೈಕ್ ಒಮ್ಮೆ ಗುಳುಗುಳು ಎಂದು ಸತ್ತುಹೋಯಿತು. ನಾನು ಆ ನಿಶ್ಶಬ್ದವನ್ನು ಕೇಳುತ್ತ ಕೂತೇ ಇದ್ದೆ. ಹೆಡ್‌ಫೋನ್ ತೆಗೆಯಬೇಕು ಅನ್ನುವುದೂ ಹೊಳೆಯಲಿಲ್ಲ.

ಕೆಳಗಡೆ, ದಂಡೆಗೆ ಅಂಟಿ ಬೆಳೆದ ಒಂದು ಜಾಲಿಯ ಬೊಡ್ಡೆ ಅವರನ್ನು ಹಿಡಿದಿಟ್ಟಿತು. ಒಂದು ತೋಳು ಮುಳ್ಳಿನೊಳಗೆ ಸಿಕ್ಕಿತ್ತು, ಮುಖ ಮುಳುಗುತ್ತ ಏಳುತ್ತ ಇತ್ತು. ದಾವಲಸಾಬ ಕಾಕಾ ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನೀರಿಗೆ ಬಿದ್ದರು. ಪ್ರಭು ಸುಮ್ಮನೆ ನಿಂತಿದ್ದ ಎಂದು ಆಮೇಲೆ ಊರಿನಲ್ಲಿ ಹೇಳಿದವರಿದ್ದಾರೆ. ಅದು ಸುಳ್ಳು. ಅವನೂ ಎದೆಮಟ್ಟ ನೀರಿನಲ್ಲಿ ನಿಂತು ಹಗ್ಗ ಹಿಡಿದಿದ್ದ. ಹಿಡಿದದ್ದನ್ನು ಬಿಡಲಿಲ್ಲ. ಕ್ಯಾಮರಾಮನ್‌ಗೆ ಟ್ರ್ಯಾಕ್ಟರ್ ನಡೆಸಲು ಬರುತ್ತಿತ್ತು. ಅವನು ಗೇರ್ ಹಾಕಿ ನಿಧಾನ ಮುಂದೆ ತೆಗೆದ. ಕಾಕಾನ ತೋಳಿನಲ್ಲಿ ಗೌಡರು, ಅವರ ಹಿಂದೆ ಪ್ರಭು, ಮೂವರೂ ಎರೆಮಣ್ಣಿನ ದಂಡೆಗೆ ಬಂದು ಬಿದ್ದರು. ಕಾಕಾನ ಎರಡೂ ಅಂಗೈಯ ಚರ್ಮ ಹಗ್ಗಕ್ಕೆ ಅಂಟಿಕೊಂಡಿತ್ತು.

ಗೌಡರು ನೀರು ಕಾರಿಕೊಂಡು ಕಣ್ಣು ತೆರೆದರು. ಒಂದು ಭುಜ ಜಾಗ ಬಿಟ್ಟು ಇಳಿಬಿದ್ದಿತ್ತು. ಪ್ರಭು ಎದುರಿಗೆ ಮೊಣಕಾಲೂರಿ ಕೂತಿದ್ದ. ಈಗ ಮಾತಾಡುತ್ತಾರೆ ಎಂದು ನಾವೆಲ್ಲ ಕಾದೆವು. ದಾವಲಸಾಬ ಕಾಕಾ ತಮ್ಮ ಅಂಗೈ ನೋಡಿಕೊಳ್ಳುವುದನ್ನೂ ಬಿಟ್ಟು ಕಾದರು.

ಗೌಡರ ಕಣ್ಣು ಅವನನ್ನು ದಾಟಿ ನನ್ನನ್ನು ಹುಡುಕಿತು.

"ಅಕ್ಕಾರ, ಅವರಿಗೆ ಕೇಳ್ರಿ. ಸೀನು ಸಿಕ್ತೇನಂತ."

ಪ್ರಭು ನೆಲ ನೋಡುತ್ತ ಹೇಳಿದ: "ಇಲ್ಲಂತ ಹೇಳ್ರಿ ಮೇಡಮ್. ಕ್ಯಾಮರಾ ಮೊದ್ಲ ಬಂದ್ ಆಗಿತ್ತು."

"ಮೊದ್ಲ ಅಂದ್ರ ಯಾವಾಗ?" ಎಂದು ಗೌಡರು ನನ್ನನ್ನೇ ಕೇಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಏನನ್ನೋ ಕೂಡಿಸಿ ಕಳೆಯುವವರಂತೆ ಮಲಗಿದ್ದರು. ಗಾಡಿ ಬಂತು, ಆಸ್ಪತ್ರೆಗೆ ಒಯ್ದರು.

ವಾರ ಕಳೆದಿರಲಿಲ್ಲ, ಪ್ರಭು ಹುಬ್ಬಳ್ಳಿಯ ನನ್ನ ಸ್ಟುಡಿಯೋಕ್ಕೆ ಬಂದ. ಸ್ಟುಡಿಯೋ ಎಂದರೆ ಗೋಡೆಗೆ ಸ್ಪಂಜು ಬಡಿದ ಒಂದು ಕೋಣೆ. ಅವನ ಕಣ್ಣಲ್ಲಿ ನಿದ್ದೆ ಇರಲಿಲ್ಲ, ಆದರೆ ಒಂದು ಬೆಳಕಿತ್ತು. ಅದನ್ನು ನೋಡಿ ನನಗೆ ಹಳ್ಳಕ್ಕಿಂತ ಹೆಚ್ಚು ಭಯವಾಯಿತು.

"ಮೇಡಮ್, ಚಿತ್ರ ಇಲ್ಲಂದ್ರ ಏನಾತು, ಸೌಂಡ್ ಐತೆಲ್ಲ. ಪರದೆ ಕಪ್ಪು ಇಟ್ಟು ಬರೀ ಆ ದನಿ ಕೇಳಿಸಿದ್ರ? ಯಾವ ಫೆಸ್ಟಿವಲ್‌ನಾಗೂ ಜನ ಎದ್ದ ನಿಲ್ತಾರ. ಅಂಥಾ ದನಿ ಬೇಡಿದ್ರೂ ಸಿಗಂಗಿಲ್ಲ." ಆಮೇಲೆ ದನಿ ತಗ್ಗಿಸಿದ. "ಅದರ ಮೊದ್ಲ ಒಂದು ಮಾತೈತಿ. ಅದನ್ನ ತಗದ್ಬಿಡ್ರಿ. ಮೂಲ ಫೈಲಿನಾಗಿಂದನ ತಗೀರಿ."

ನೋಡುತ್ತೇನೆ ಎಂದು ಕಳುಹಿಸಿದೆ. ಮೂಲ ಫೈಲನ್ನು ಮುಟ್ಟುವುದು ನಮ್ಮ ವೃತ್ತಿಯಲ್ಲಿ ನಿಷಿದ್ಧ. ನಾನು ಮುಟ್ಟಲಿಲ್ಲ.

ಅದಾದ ಕೆಲವು ದಿನಕ್ಕೆ ಗೌಡರು ಬಂದರು. ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಜೊತೆಗೆ ದಾವಲಸಾಬ ಕಾಕಾ, ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು. ಇಬ್ಬರ ನಡುವೆ ಸರಿಯಾಗಿರುವ ಕೈ ಒಂದೇ ಎಂದು ಕಾಕಾ ತಾವೇ ಹೇಳಿ ನಕ್ಕರು.

"ಅಕ್ಕಾರ, ಅಂವ ಕರದದ್ದು ನನಗ ಕೇಳಬೇಕ್ರಿ" ಎಂದರು ಗೌಡರು. "ಕ್ಯಾಮರಾ ಬಂದ್ ಆಗಿತ್ತಂದ್ರ ಅಂವ ಕರದದ್ದು ಪಾರ್ಟಲ್ಲ. ಹೌದಲ್ಲೋ? ಯಾರಿಗೂ ತೋರ್ಸಾಕ ಕರದದ್ದಲ್ಲ. ಅದನ್ನ ಒಮ್ಮಿ ಕೇಳ್ಸಿಬಿಡ್ರಿ."

ಹತ್ತಿರ ಹತ್ತಿರ ಬೇಡಿಕೊಳ್ಳುವ ದನಿ. ಆ ಒಂದು ಕರೆಯ ಮೇಲೆ ಅವರು ಏನೋ ಕಟ್ಟಿಕೊಂಡು ಬಂದಿದ್ದರು. "ಪೂರ್ತಿ ಕೇಳಲೇಬೇಕೇನ್ರಿ?" ಎಂದೆ.

ಅವರು ನನ್ನ ಮುಖ ನೋಡಿದರು. "ಸುಳ್ಳು ನಂಬಿ ಮೂರು ಎಲೆಕ್ಷನ್ ನಿಂತೇನ್ರಿ ಅಕ್ಕಾರ. ಒಂದು ಖರೇ ಕೇಳಿದ್ರ ಸಾಯಂಗಿಲ್ಲ."

ನಾನು ಹೆಡ್‌ಫೋನ್ ಅವರ ತಲೆಗಿಟ್ಟು ಮೊದಲಿನಿಂದ ಬಿಟ್ಟೆ. ಪಿಸುಮಾತಿನ ಜಾಗ ಬಂದಾಗ ಅವರ ಹುಬ್ಬು ಒಮ್ಮೆ ಗಂಟಿಕ್ಕಿತು. ಕೊನೆಯವರೆಗೆ ಕೇಳಿದರು. ಹೆಡ್‌ಫೋನ್ ತೆಗೆದು, "ಶಾಣ್ಯಾ ಅದಾನ. ಕ್ಯಾಮರಾ ನನ್ನ ಸಹಿ ಮ್ಯಾಲೆ ಬಾಡಿಗಿ ತಂದಿದ್ದು. ಹೋಗಿದ್ರ ನನ್ನ ತಲೀಗೆ ಬರತಿತ್ತು" ಎಂದರು. ಕಾಕಾ ನಗಲಿಲ್ಲ. ಗೌಡರು ಜೋಳಿಗೆಯ ಗಂಟನ್ನು ಸರಿಪಡಿಸಿಕೊಂಡರು. "ಆದ್ರೂ ಕರದಾನ. ಎರಡನೇದಕ್ಕಾದ್ರೂ ಕರದಾನ."

ಅಲ್ಲಿಗೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆದರೆ ಅವರು ಕುರ್ಚಿಯಲ್ಲಿ ಮುಂದೆ ಸರಿದರು. ತಮ್ಮನ ಕಣ್ಣಲ್ಲಿ ಕಂಡಿದ್ದ ಬೆಳಕು ಇವರ ಕಣ್ಣಲ್ಲೂ ಹೊತ್ತಿಕೊಂಡಿತು. "ಅಕ್ಕಾರ, ಈ ದನಿ ಕೇಳಿದ್ರ ಜನ ಅಳ್ತಾರ, ಹೌದಿಲ್ಲೋ? ಎಲೆಕ್ಷನ್ನಿನ ಮೊದ್ಲ ಚಿತ್ರ ಬಿಡುಗಡೆ ಆತಂದ್ರ... ಅವರಿಗೆ ಹೇಳ್ರಿ, ಚಿತ್ರ ಮುಗಸಂತ. ಬೇಕಾದ್ರ ನಾ ಮತ್ತೊಮ್ಮಿ ಹಳ್ಳದಾಗ ನಿಂದರ್ತೇನಿ."

"ಗೌಡ್ರ, ಸಾಕ್ ಮಾಡ್ರಿ" ಎಂದರು ಕಾಕಾ.

ನನಗೆ ಸಿಟ್ಟು ಬಂತು. ಮೊಬೈಲ್ ತೆಗೆದು ಪ್ರಭುವಿನ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಗೌಡರ ಎದುರಿಗಿಟ್ಟೆ. "ನೀವ ಹೇಳ್ರಿ" ಎಂದೆ.

ಪ್ರಭು ಎತ್ತಿದ ಕೂಡಲೇ ಕೇಳಿದ: "ಮೇಡಮ್, ಆ ಮಾತು ತಗದ್ರೇನ್ರಿ?"

ಗೌಡರು ಮೊಬೈಲನ್ನೇ ನೋಡುತ್ತಿದ್ದರು. ಬಾಯಿ ತೆರೆದರು, ಮುಚ್ಚಿದರು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ, "ತಗೀಬ್ಯಾಡಂತ ಹೇಳ್ರಿ" ಎಂದರು.

ಆ ಕಡೆ ಅವನು ದನಿ ಗುರುತಿಸಿದ್ದ. ಬಹಳ ಹೊತ್ತಿನ ಮೇಲೆ, "ಮೇಡಮ್, ಭುಜ ಹೆಂಗೈತಂತ ಕೇಳ್ರಿ ಅವರಿಗೆ" ಎಂದ.

"ಬರೊಬ್ಬರಿ ಐತಂತ ಹೇಳ್ರಿ" ಎಂದರು ಗೌಡರು.

ನಾನು ಏನನ್ನೂ ಹೇಳಲಿಲ್ಲ. ಇಬ್ಬರೂ ಕಾದರು. ನಾನು ನಡುವೆ ಒಂದು ಮಾತು ದಾಟಿಸಿದ್ದರೆ ಇನ್ನೂ ನಾಲ್ಕು ಮಾತು ನಡೆಯುತ್ತಿದ್ದವೋ ಏನೋ. ನಾನು ದಾಟಿಸದಿದ್ದರೆ ಒಬ್ಬರಾದರೂ ನೇರ ಮಾತಾಡಬಹುದೆಂದು ನಾನು ಎಣಿಸಿದ್ದೆ. ಇಬ್ಬರೂ ಆಡಲಿಲ್ಲ. ಲೈನ್ ಕಡಿಯಿತು.

ಚಿತ್ರ ಮುಗಿಯಲಿಲ್ಲ. ಗೌಡರಿಗೆ ಟಿಕೆಟ್ ಸಿಗಲಿಲ್ಲ. ಪ್ರಭು ಈಗ ಇನ್ನೊಂದು ಕಥೆ ಬರೆಯುತ್ತಿದ್ದಾನೆ ಎಂದು ಕೇಳಿದೆ. ದಾವಲಸಾಬ ಕಾಕಾನ ಅಂಗೈಗೆ ಹೊಸ ಚರ್ಮ ಬಂದಿದೆ, ಬಿಗಿಯಾಗಿ ಮುಷ್ಟಿ ಕಟ್ಟಲು ಆಗುವುದಿಲ್ಲ. ನನ್ನ ವಿಷಯ ಹೇಳುವುದಾದರೆ, ರಸ್ತೆಯಲ್ಲಿ ಲಾರಿ ಏರು ಹತ್ತುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ. ಅಕ್ಕಪಕ್ಕದವರು ಯಾರನ್ನೋ ಕರೆಯುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಕಿರಿಯ ರೆಕಾರ್ಡಿಸ್ಟ್‌ಗಳು ಹೊರಾಂಗಣ ಚಿತ್ರೀಕರಣಕ್ಕೆ ಹೋಗುವ ಮೊದಲು ಸುರಕ್ಷತೆಗೆ ಏನೇನು ವಿಚಾರಿಸಬೇಕು ಎಂದು ನನ್ನನ್ನು ಕೇಳುವುದುಂಟು. ಕರೆಂಟು, ನೀರು, ಮುಗಿಲು, ಹಾವು, ಎಲ್ಲ ಹೇಳುತ್ತೇನೆ. ಕೊನೆಗೆ ಒಂದು ಸೇರಿಸುತ್ತೇನೆ: ಈ ಜಾಗದಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಅದನ್ನು ಮೊದಲು ಕೇಳಿ. ಅವರು ನಗುತ್ತಾರೆ. ನಾನಂತೂ ಕೇಳದೆ ಹೋಗುವುದಿಲ್ಲ. ಅಂಥವರಿದ್ದರೆ, ಅವರಿಬ್ಬರೂ ನನ್ನೆದುರು ಒಬ್ಬರನ್ನೊಬ್ಬರು ಹೆಸರು ಹಿಡಿದು ಒಮ್ಮೆ ಕರೆಯುವವರೆಗೆ ಪೆಟ್ಟಿಗೆ ಬಿಚ್ಚುವುದಿಲ್ಲ. ಈ ಕಾರಣಕ್ಕೆ ಎರಡು ಕೆಲಸ ಕಳೆದುಕೊಂಡಿದ್ದೇನೆ.